ಮಗಳು ಒಂದನೇ ಕ್ಲಾಸ್ ಸೇರ್ತಿದ್ದಾಳೆ, ದಿನಾ ಮನೇಲಿ ನಾವೇನ್ ಮಾಡ್ಬೇಕು, ಟೀಚರ್ ನಮ್ಮಿಂದ ಏನು ಬಯಸ್ತಾರೆ?

ಮನೇಲಿ ಇಬ್ರೂ ಕೆಲಸಕ್ಕೆ ಹೋಗ್ತೀವಿ, ದಿನಾ ಎಷ್ಟು ಹೊತ್ತು ಕೂರಿಸಿ ಓದಿಸ್ಬೇಕು, ಬ್ಯಾಗಲ್ಲಿ ಏನೇನಿರ್ಬೇಕು, ಟೀಚರ್‌ನ ಪದೇ ಪದೇ ಕೇಳಿದ್ರೆ ಬೇಜಾರಾಗ್ತಾರಾ ಅಂತೆಲ್ಲ ಕೇಳಿದ್ದೀರ. ನಾನು ಒಂದನೇ, ಎರಡನೇ ಕ್ಲಾಸ್ ಮಕ್ಕಳಿಗೆ ಪಾಠ ಮಾಡೋಳು, ಅದಕ್ಕೆ ಟೀಚರ್ ಕಡೆಯಿಂದ ಏನು ಕಾಣುತ್ತೆ ಅನ್ನೋದನ್ನ ಹೇಳ್ತೀನಿ, ಸ್ವಲ್ಪ ಉದ್ದ ಆಗ್ಬಹುದು. ಮೊದಲು ಒಂದು ಮಾತು, ಮನೇಲಿ ನೀವು ಇನ್ನೊಬ್ಬ ಟೀಚರ್ ಆಗ್ಬೇಕಾಗಿಲ್ಲ. ಪಾಠ ನಮ್ಮ ಕೆಲಸ, ಅದನ್ನ ನಮಗೆ ಬಿಡಿ. ಮಗು ಚೆನ್ನಾಗಿ ನಿದ್ದೆ ಮಾಡಿ, ಬೆಲ್ ಹೊಡೆಯೋಕೆ ಮುಂಚೆ, ತನ್ನ ಬ್ಯಾಗಲ್ಲಿ ಏನಿದೆ ಅಂತ ತನಗೇ ಗೊತ್ತಿರೋ ಹಾಗೆ ಕ್ಲಾಸಿಗೆ ಬಂದ್ರೆ ಅರ್ಧ ಕೆಲಸ ಅಲ್ಲೇ ಮುಗೀತು.

ಬೆಲ್‌ಗೆ ಮುಂಚೆ ಅಂತ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಸಣ್ಣ ಕ್ಲಾಸಲ್ಲಿ ಮೊದಲ ಹದಿನೈದು ನಿಮಿಷದಲ್ಲೇ ಇಡೀ ದಿನ ಹೇಗಿರುತ್ತೆ ಅನ್ನೋದು ತೀರ್ಮಾನ ಆಗೋಗುತ್ತೆ. ಮಕ್ಕಳು ಬರ್ತಾರೆ, ಬ್ಯಾಗ್ ತಮ್ಮ ಜಾಗದಲ್ಲಿ ತೂಗುಹಾಕ್ತಾರೆ, ಡೈರಿ ತೆಗ್ದು ಟ್ರೇಲಿ ಇಡ್ತಾರೆ, ನೀರಿನ ಬಾಟಲ್ ಒಂದು ಕಡೆ, ಆಮೇಲೆ ಟೇಬಲ್ ಮೇಲೆ ಒಂದು ಸಣ್ಣ ಕೆಲಸ ಇಟ್ಟಿರ್ತೀವಿ, ಬಣ್ಣ ಹಚ್ಚೋದೋ, ನಿನ್ನೆ ಕಲಿತ ಅಕ್ಷರ ಜೋಡಿಸೋದೋ, ಅದು ಮಾಡ್ತಾ ಮಾಡ್ತಾ ಮನೆಯಿಂದ ಕ್ಲಾಸಿಗೆ ಮನಸ್ಸು ಹೊಂದ್ಕೊಳ್ಳುತ್ತೆ. ಆಮೇಲೆ ಎಲ್ರೂ ಕೆಳಗೆ ರೌಂಡಾಗಿ ಕೂತಾಗ ಇವತ್ತು ಯಾವುದಾದ್ಮೇಲೆ ಯಾವುದು ಅಂತ ಬೋರ್ಡ್ ಮೇಲೆ ಚಿತ್ರ ಹಾಕಿ ತೋರಿಸ್ತೀವಿ, ಮೊದಲು ಓದು, ಆಮೇಲೆ ಲೆಕ್ಕ, ಆಮೇಲೆ ಆಟ, ಊಟ, ಕಥೆ. ಆರು ವರ್ಷದ ಮಗುಗೆ ಗಡಿಯಾರ ನೋಡೋಕೆ ಬರಲ್ಲ, ಮನೆಗೆ ಹೋಗೋಕೆ ಇನ್ನೂ ಎಷ್ಟು ಹೊತ್ತಿದೆ ಅಂತ ತಿಳ್ಕೊಳ್ಳೋಕೆ ಆ ಚಿತ್ರಗಳೇ ದಾರಿ. ಹತ್ತು ನಿಮಿಷ ಲೇಟಾಗಿ ಬಂದ ಮಗು ಕಳ್ಕೊಳ್ಳೋದು ಪಾಠ ಅಲ್ಲ, ಇದು. ಎಲ್ರೂ ಕೂತಿರೋವಾಗ ಬಾಗಿಲು ತೆಗ್ದು ಒಳಗೆ ಬರ್ಬೇಕು, ಎಲ್ರೂ ತಿರುಗಿ ನೋಡ್ತಾರೆ, ಏನ್ ನಡೀತಿದೆ ಗೊತ್ತಿಲ್ಲ, ಮಧ್ಯಾಹ್ನದವರೆಗೂ ಪಕ್ಕದವಳು ಏನು ಮಾಡ್ತಾಳೋ ಅದನ್ನೇ ನೋಡ್ಕೊಂಡು ಮಾಡ್ತಾ ಇರುತ್ತೆ. ಯಾವತ್ತೋ ಒಂದಿನ ಲೇಟ್ ಆಗೋದು ಎಲ್ಲರ ಮನೇಲೂ ಇರೋದೇ, ಅದನ್ನ ಯಾರೂ ಲೆಕ್ಕಕ್ಕಿಡಲ್ಲ. ವಾರದಲ್ಲಿ ಎರಡು ಮೂರು ದಿನ ಹೀಗಾದ್ರೆ ಮಾತ್ರ ಮಗು ಮೇಲೆ ಎದ್ದು ಕಾಣುತ್ತೆ.

ಗೇಟ್ ಹತ್ರ ಬಿಟ್ಟು ಹೋಗೋದ್ರ ಬಗ್ಗೆ ಬೇರೆ ಬೇರೆ ಥರ ಹೇಳ್ತಾರೆ, ನಾನು ಹೇಳೋದು ಇಷ್ಟೇ, ಬೇಗ ಮುಗಿಸಿ ಆದ್ರೆ ಹೇಳದೆ ಮಾತ್ರ ಹೋಗ್ಬೇಡಿ. ಮಗು ಆ ಕಡೆ ನೋಡ್ತಿರುವಾಗ ಮೆಲ್ಲಗೆ ಜಾರ್ಕೊಂಡ್ರೆ ಅವತ್ತು ಅಳು ತಪ್ಪಬಹುದು, ಮಾರನೇ ದಿನದಿಂದ ನಿಮ್ಮ ಕೈ ಬಿಡೋದೇ ಇಲ್ಲ, ಯಾಕಂದ್ರೆ ಯಾವಾಗ ಮಾಯ ಆಗ್ತೀರೋ ಅನ್ನೋ ಭಯ ಕೂತ್ಬಿಡುತ್ತೆ. ದಿನಾ ಒಂದೇ ಥರ, ಒಂದು ಅಪ್ಪುಗೆ, ಕರ್ಕೊಂಡು ಹೋಗೋಕೆ ಯಾರು ಬರ್ತಾರೆ ಅನ್ನೋ ಒಂದು ಮಾತು, ಟಾಟಾ, ಹೊರಡಿ. ಅಳ್ತಿದ್ರೂ ಹೊರಡಿ. ತುಂಬಾ ಮಕ್ಕಳು ಅಪ್ಪ ಅಮ್ಮ ಕಣ್ಮರೆ ಆದ ಸ್ವಲ್ಪ ಹೊತ್ತಿಗೇ ಸುಮ್ಮನಾಗ್ತಾರೆ, ಕಿಟಕಿಯಲ್ಲಿ ನಿಮ್ಮ ಮುಖ ಕಂಡ್ರೆ ಮತ್ತೆ ಶುರು. ನಿಮಗೆ ಸಂಕಟ ಆಗೋದು ನಮಗೂ ಗೊತ್ತು, ಸುಮ್ಮನಾದ್ಳಾ ಅಂತ ಸ್ಕೂಲ್ ಆಫೀಸಿಗೆ ಫೋನ್ ಮಾಡಿ ಕೇಳಿ, ಅದ್ರಲ್ಲಿ ತಪ್ಪೇನಿಲ್ಲ.

ಇನ್ನು ಬ್ಯಾಗ್. ಬ್ಯಾಗನ್ನ ಹಿಂದಿನ ರಾತ್ರಿನೇ ಜೋಡಿಸಿ, ಆದ್ರೆ ಜೋಡಿಸೋದು ಮಗಳು, ಪಕ್ಕದಲ್ಲಿ ಕೂತಿರೋದು ನೀವು. ಇದು ಯಾಕೆ ಮುಖ್ಯ ಅಂದ್ರೆ ಅಮ್ಮನೋ ಅಪ್ಪನೋ ತುಂಬಿಸಿದ ಬ್ಯಾಗಲ್ಲಿ ಪೆನ್ಸಿಲ್ ಬಾಕ್ಸ್ ಇದ್ರೂ ಮಗು ಬಂದು "ಮಿಸ್, ನಮ್ಮನೇಲಿ ಕೊಟ್ಟಿಲ್ಲ" ಅನ್ನುತ್ತೆ, ಅದಕ್ಕೆ ನಿಜವಾಗ್ಲೂ ಗೊತ್ತಿರಲ್ಲ. ಶುರುವಲ್ಲಿ ಐದು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತೆ, ಹಿಡೀಲಿ, ಕೆಲವು ವಾರ ಆದ್ಮೇಲೆ ತಾನೇ ಮಾಡ್ಕೊಳ್ತಾಳೆ. ತೂಕ ಸಾಮಾನ್ಯವಾಗಿ ಮಗುವಿನ ತೂಕದಲ್ಲಿ 10 ಪರ್ಸೆಂಟ್ ಒಳಗಿದ್ರೆ ಒಳ್ಳೇದು, ಅಂದ್ರೆ 20 ಕೆಜಿ ಮಗುಗೆ ಬಾಟಲ್ ಡಬ್ಬಿ ಎಲ್ಲಾ ಸೇರಿ 2 ಕೆಜಿ. ಬೇಡದ ಪುಸ್ತಕ, ಆಟದ ಸಾಮಾನು ವಾರಕ್ಕೊಂದ್ಸಲ ತೆಗೆದುಹಾಕಿ. ಎಲ್ಲದ್ರ ಮೇಲೂ ಹೆಸರು ಬರೀರಿ, ಸ್ವೆಟರ್, ಬಾಟಲ್, ಡಬ್ಬಿಯ ಮುಚ್ಚಳ (ಡಬ್ಬಿ ಮೇಲೆ ಬರೆದು ಮುಚ್ಚಳ ಬಿಡೋರು ತುಂಬಾ ಜನ, ಕಳೆದುಹೋಗೋದು ಮುಚ್ಚಳನೇ). ಒಂದು ಜೊತೆ ಬದಲಿ ಬಟ್ಟೆ ಕವರಲ್ಲಿ ಹಾಕಿ ಇಟ್ಟಿರಿ, ಆಟದಲ್ಲಿ ಮುಳುಗಿ ಟಾಯ್ಲೆಟ್‌ಗೆ ಹೋಗೋದು ಮರೆಯೋದು ಈ ವಯಸ್ಸಲ್ಲಿ ಆಗುತ್ತೆ, ಬಟ್ಟೆ ಇದ್ರೆ ಯಾರಿಗೂ ಗೊತ್ತಾಗದ ಹಾಗೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತೆ.

ಸೇರೋಕೆ ಮುಂಚೆ ಏನು ಕಲಿಸ್ಲಿ ಅಂತ ಕೇಳೋರಿಗೆಲ್ಲ ನಾನು ಹೇಳೋದು ಅಕ್ಷರ ಅಲ್ಲ. ಊಟದ ಡಬ್ಬಿ ತಾನೇ ತೆಗೆದು ಮುಚ್ಚೋದು, ಬಾಟಲ್ ಮುಚ್ಚಳ ತಿರುಗಿಸೋದು, ಟಾಯ್ಲೆಟ್‌ಗೆ ಒಬ್ಬಳೇ ಹೋಗಿ ತೊಳ್ಕೊಂಡು ಬರೋದು, ಸೋಪ್ ಹಾಕಿ 20 ಸೆಕೆಂಡ್ ಕೈ ತೊಳೆಯೋದು, ಚಪ್ಪಲಿ ಶೂ ಹಾಕ್ಕೊಳ್ಳೋದು, ಮೂಗು ಒರೆಸ್ಕೊಳ್ಳೋದು, ಮತ್ತೆ ಎಲ್ಲಕ್ಕಿಂತ ದೊಡ್ಡದು, ಏನಾದ್ರೂ ಬೇಕಾದಾಗ ಗೊತ್ತಿಲ್ಲದ ದೊಡ್ಡವರ ಹತ್ರ ಬಾಯಿಬಿಟ್ಟು ಕೇಳೋದು. ಲೇಸ್ ಕಟ್ಟೋಕೆ ಬರದಿದ್ರೆ ಪಟ್ಟಿ ಇರೋ ಶೂ ಕೊಡಿಸಿ. ಒಂದು ಕ್ಲಾಸಲ್ಲಿ ಮೂವತ್ತು ಮಕ್ಕಳು, ಎಲ್ಲರ ಡಬ್ಬಿ ಟೀಚರೇ ತೆಗೀಬೇಕು ಅಂದ್ರೆ ಕೊನೇ ಮಗುವಿನ ಡಬ್ಬಿಗೆ ಬರೋ ಹೊತ್ತಿಗೆ ಊಟದ ಟೈಮ್ ಮುಗಿದಿರುತ್ತೆ. ಅಕ್ಷರ ಬರದೆ ಬಂದ ಮಗುನ ಕಲಿಸೋಕೆ ಇಡೀ ವರ್ಷ ಇದೆ ನಮ್ಮ ಹತ್ರ. ಟಾಯ್ಲೆಟ್ ಬೇಕು ಅಂತ ಹೇಳೋಕೆ ನಾಚಿಕೊಳ್ಳೋ ಮಗುಗೆ ಮೊದಲ ದಿನದಿಂದಲೇ ಕಷ್ಟ.

ನಿದ್ದೆ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅಮೆರಿಕದ ನಿದ್ರಾ ತಜ್ಞರ ಸಂಘ 2016ರಲ್ಲಿ ಹೇಳಿರೋ ಪ್ರಕಾರ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 3ರಿಂದ 5 ವರ್ಷದವರಿಗೆ ಹಗಲು ನಿದ್ದೆನೂ ಸೇರಿ 10ರಿಂದ 13 ಗಂಟೆ. ಬೆಳಿಗ್ಗೆ ಆರೂವರೆಗೆ ಏಳ್ಬೇಕಾದ ಮಗು ರಾತ್ರಿ ಹತ್ತೂವರೆಗೆ ಮಲಗಿದ್ರೆ 8 ಗಂಟೆ, ಅಂದ್ರೆ ಕಡಿಮೆ ಅಂದ್ರೂ ಒಂದು ಗಂಟೆ ಪ್ರತಿದಿನ ಬಾಕಿ. ನಿದ್ದೆ ಕಮ್ಮಿ ಆದ ಮಗು ಕ್ಲಾಸಲ್ಲಿ ತೂಕಡಿಸುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಎಷ್ಟೋ ಸಲ ಉಲ್ಟಾ, ಕೂತಲ್ಲಿ ಕೂರಲ್ಲ, ಪಕ್ಕದವರನ್ನ ತಳ್ಳುತ್ತೆ, ಸಣ್ಣದಕ್ಕೆಲ್ಲ ಅಳುತ್ತೆ, ಇದನ್ನ ನೋಡಿ ಮಗು ತುಂಬಾ ತುಂಟ ಅಂತ ಹೆಸರು ಬರುತ್ತೆ ಪಾಪ. ನೀವಿಬ್ರೂ ಲೇಟಾಗಿ ಮನೆಗೆ ಬರೋರಾದ್ರೆ ಮಗುಗೋಸ್ಕರ ಒಂದು ಪಾಠ ಕಡಿಮೆ ಮಾಡಿ, ನಿದ್ದೆಗೆ ಮಾತ್ರ ಕೈ ಹಾಕ್ಬೇಡಿ.

ಹೋಂವರ್ಕ್ ಎಷ್ಟು ಹೊತ್ತು ಅಂತ ಕೇಳಿದ್ರಲ್ಲ, ಹ್ಯಾರಿಸ್ ಕೂಪರ್ ಅಂತ ಒಬ್ಬ ಅಮೆರಿಕನ್ ಸಂಶೋಧಕರು ಹೋಂವರ್ಕ್ ಮೇಲಿನ ಎಷ್ಟೋ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ಸಣ್ಣ ಕ್ಲಾಸುಗಳಲ್ಲಿ ಹೋಂವರ್ಕಿಗೂ ಮಾರ್ಕ್ಸಿಗೂ ಇರೋ ಸಂಬಂಧ ತುಂಬಾ ತೆಳು, ದೊಡ್ಡ ಕ್ಲಾಸಿಗೆ ಹೋದ ಹಾಗೆ ಜಾಸ್ತಿ ಆಗುತ್ತೆ ಅಂತ ಅವರು ಕಂಡ್ಕೊಂಡಿದ್ದು. ಅವರೇ ಒಪ್ಪೋ ಅಳತೆ ಒಂದು ಕ್ಲಾಸಿಗೆ 10 ನಿಮಿಷ, ಒಂದನೇ ಕ್ಲಾಸಿಗೆ 10, ಎರಡಕ್ಕೆ 20. ಹಾಗಾಗಿ ಸಂಜೆ ಒಂದು ಗಂಟೆ ಕೂರಿಸಿ ಬರೆಸ್ಬೇಕು ಅನ್ನೋ ಚಿಂತೆ ಬಿಡಿ. ಹತ್ತು ನಿಮಿಷದ್ದು ಅರ್ಧ ಗಂಟೆ ಎಳೀತಿದೆ, ಮಗು ಅಳ್ತಿದೆ ಅಂದ್ರೆ ನಿಲ್ಲಿಸಿ ಡೈರಿಯಲ್ಲಿ "ಇಲ್ಲಿವರೆಗೆ ಮಾಡಿದ್ಳು, ಇದು ಕಷ್ಟ ಆಯ್ತು" ಅಂತ ಒಂದು ಲೈನ್ ಬರೆದುಬಿಡಿ, ಆ ಒಂದು ಲೈನ್ ನನಗೆ ತುಂಬಿದ ಪುಟಕ್ಕಿಂತ ಜಾಸ್ತಿ ಉಪಯೋಗ. ದಯವಿಟ್ಟು ನೀವೇ ಬರೆದುಕೊಡೋದು, ಇಲ್ಲಾ ಎಲ್ಲಾ ತಪ್ಪೂ ಅಳಿಸಿ ಸರಿಮಾಡಿ ಕಳಿಸೋದು ಮಾಡ್ಬೇಡಿ. ಮಗು ಎಲ್ಲಿ ತಪ್ಪುತ್ತೆ ಅಂತ ನೋಡೋಕೇ ನಾವು ಹೋಂವರ್ಕ್ ಕೊಡೋದು. ಕೂಡೋ ಲೆಕ್ಕದಲ್ಲಿ 7 ಆದ್ಮೇಲೆ 3 ಎಣಿಸೋವಾಗ ಏಳರಿಂದಲೇ ಶುರು ಮಾಡಿ ಏಳು, ಎಂಟು, ಒಂಬತ್ತು ಅಂತ 9 ಬರೀತಾ ಇದ್ದಾಳೆ ಅಂತಿಟ್ಕೊಳ್ಳಿ, ಆ 9 ನೋಡಿದ್ರೆ ಸಾಕು, ನಾಳೆ ಏನು ಹೇಳಿಕೊಡ್ಬೇಕು ಅಂತ ನಂಗೆ ಗೊತ್ತಾಗುತ್ತೆ. ನೀವು ಅಳಿಸಿ 10 ಬರೆಸಿ ಕಳಿಸಿದ್ರೆ ಮಗುಗೆ ಬರುತ್ತೆ ಅಂತ ಅಂದ್ಕೊಂಡು ನಾನು ಮುಂದೆ ಹೋಗ್ಬಿಡ್ತೀನಿ. ಹಾಗೇ ಅಕ್ಷರ, ಅಂಕಿ ಉಲ್ಟಾ ಬರೆಯೋದು ಸುಮಾರು ಏಳು ವರ್ಷದವರೆಗೂ ಸಾಮಾನ್ಯ, ಅದಕ್ಕೆ ಬೈಬೇಡಿ, ಆಮೇಲೂ ತುಂಬಾ ಕಾಣ್ತಿದ್ರೆ, ಓದೋಕೂ ಕಷ್ಟ ಪಡ್ತಿದ್ರೆ ಆಗ ಕೂತು ಮಾತಾಡೋಣ.

ಬರೆಸೋದ್ರ ಬದಲು ದಿನಾ ಹತ್ತು ಹದಿನೈದು ನಿಮಿಷ ಓದಿ ಹೇಳಿ. ನೀವು ಓದಿ, ಅವಳು ಕೇಳ್ಲಿ, ಚಿತ್ರ ನೋಡ್ಲಿ, ಅದೇ ಕಥೆ ಹತ್ತನೇ ಸಲ ಬೇಕು ಅಂದ್ರೂ ಓದಿ, ಮುಂದಿನ ಪದ ಬಾಯಿಗೆ ಬರೋದು ಹಾಗೇ. ಅವಳೇ ಓದೋವಾಗ ಒಂದು ಪದದ ಹತ್ರ ನಿಂತ್ರೆ ತಕ್ಷಣ ಹೇಳಿಕೊಡ್ಬೇಡಿ, ಮನಸ್ಸಲ್ಲೇ ಒಂದು ಎರಡು ಮೂರು ಎಣಿಸಿ. ಮೇರಿ ಬಡ್ ರೋ ಅನ್ನೋ ಅಮೆರಿಕನ್ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸ್‌ರೂಮುಗಳಲ್ಲಿ ಗಮನಿಸಿದ್ದು ಇದನ್ನೇ, ಟೀಚರ್‌ಗಳು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯೋದು ಸುಮಾರು 1 ಸೆಕೆಂಡ್ ಅಷ್ಟೇ, ಅದನ್ನ 3 ಸೆಕೆಂಡ್ ಮಾಡಿದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ, ಸುಮ್ಮನೆ ಕೂರೋ ಮಕ್ಕಳೂ ಬಾಯಿ ಬಿಡ್ತಾರೆ. ನಾನು ಕ್ಲಾಸಲ್ಲಿ ದಿನಾ ಇದನ್ನ ಮಾಡ್ತೀನಿ, ಮನೇಲೂ ಮಾಡೋಕಾಗುತ್ತೆ, ದುಡ್ಡು ಖರ್ಚಿಲ್ಲ.

"ಇವತ್ತು ಸ್ಕೂಲಲ್ಲಿ ಏನ್ ಮಾಡಿದ್ರಿ" ಅಂದ್ರೆ "ಏನೂ ಇಲ್ಲ" ಅಂತಾಳೆ, ಎಲ್ಲಾ ಮಕ್ಕಳೂ ಅಷ್ಟೇ, ಏನೋ ಮುಚ್ಚಿಡ್ತಿದ್ದಾಳೆ ಅಂತಲ್ಲ, ಅಷ್ಟು ದೊಡ್ಡ ದಿನನ ಒಂದೇ ಮಾತಲ್ಲಿ ಹೇಳೋಕೆ ಅವಳಿಗೆ ಬರಲ್ಲ. ಊಟಕ್ಕೆ ಯಾರ ಪಕ್ಕ ಕೂತಿದ್ದೆ, ಕಥೆಯಲ್ಲಿ ಯಾರು ಬಂದ್ರು, ಯಾವುದು ಕಷ್ಟ ಆಯ್ತು ಅಂತ ಚಿಕ್ಕ ಚಿಕ್ಕದಾಗಿ ಕೇಳಿ. ಅದೂ ಬಾಗಿಲಿಗೆ ಬಂದ ತಕ್ಷಣ ಅಲ್ಲ, ತಿಂದು ಸ್ವಲ್ಪ ಆಡಿದ ಮೇಲೆ. ಮೊದಲ ಕೆಲವು ವಾರ ಮನೆಗೆ ಬಂದ್ಮೇಲೆ ಸುಮ್‌ಸುಮ್ನೆ ರೇಗೋದು ಅಳೋದು ಇರುತ್ತೆ, ಇಡೀ ದಿನ ಲೈನಲ್ಲಿ ನಿಂತು, ಸರದಿ ಕಾದು, ಕೈ ಕಟ್ಟಿ ಕೂತು ತಡ್ಕೊಂಡಿದ್ದೆಲ್ಲ ಮನೇಲಿ ಹೊರಗೆ ಬರುತ್ತೆ, ನಿಮ್ಮ ಹತ್ರ ಅವಳಿಗೆ ಧೈರ್ಯ ಇರೋದಕ್ಕೇ ಅದು ಹೊರಗೆ ಬರೋದು.

ಟೀಚರ್‌ಗೆ ಪದೇ ಪದೇ ಕೇಳಿದ್ರೆ ಬೇಜಾರಾಗುತ್ತಾ ಅಂದ್ರಲ್ಲ, ಇಲ್ಲ, ಧಾರಾಳವಾಗಿ ಮೆಸೇಜ್ ಮಾಡಿ, ಆದ್ರೆ ಕ್ಲಾಸ್ ನಡೆಯೋವಾಗ ನಾವು ಫೋನ್ ನೋಡಲ್ಲ, ಅದಕ್ಕೆ ಇವತ್ತು ಮನೆಗೆ ಕರ್ಕೊಂಡು ಹೋಗೋಕೆ ಬೇರೆಯವರು ಬರ್ತಾರೆ ಅನ್ನೋ ಥರದ್ದು ಬೆಳಿಗ್ಗೆನೇ ಡೈರಿಯಲ್ಲಿ ಬರೀರಿ, ಇಲ್ಲಾ ಆಫೀಸಿಗೆ ಫೋನ್ ಮಾಡಿ. ಹೆಸರು ಕೊಟ್ಟಿಲ್ಲದವರ ಜೊತೆ ಮಗುನ ನಾವು ಕಳಿಸಲ್ಲ, ಅವರು ಎಷ್ಟೇ ಹತ್ತಿರದ ನೆಂಟರಾದ್ರೂ ಸರಿ, ಆಗ ಬೇಜಾರು ಮಾಡ್ಕೋಬೇಡಿ. ಅಪ್ಪ ಅಮ್ಮಂದಿರ ಮೆಸೇಜ್ ಗುಂಪಲ್ಲಿ ಎಲ್ಲರ ಮುಂದೆ ಇನ್ನೊಬ್ಬರ ಮಗು ಹೆಸರು ಹಾಕಿ ದೂರು ಬರೆಯೋದು ಮಾತ್ರ ಯಾವತ್ತೂ ಬೇಡ. ಮಗಳು ಬಂದು "ಅವನು ಹೊಡೆದ" ಅಂದ್ರೆ ನಂಬಿ, ಸಮಾಧಾನ ಮಾಡಿ, ಆಮೇಲೆ ನನ್ನನ್ನ ಕೇಳಿ, ಏನಾಯ್ತು ಅಂತ. ಆರು ವರ್ಷದವರು ಸುಳ್ಳು ಹೇಳ್ತಾರೆ ಅಂತಲ್ಲ, ತನಗೆ ಬಿದ್ದ ಏಟು ನೆನಪಿರುತ್ತೆ, ಅದಕ್ಕೆ ಮುಂಚೆ ನಡೆದಿದ್ದು ನೆನಪಿರಲ್ಲ.

ಮನೇಲಿ ದೊಡ್ಡ ಬದಲಾವಣೆ ಏನಾದ್ರೂ ಆದ್ರೆ, ತಮ್ಮನೋ ತಂಗಿಯೋ ಹುಟ್ಟಿದ್ರೆ, ಯಾರಾದ್ರೂ ತೀರ್ಕೊಂಡ್ರೆ, ಅಪ್ಪ ಊರಿಗೆ ಹೋಗಿ ತಿಂಗಳಾಗಿದ್ರೆ, ಒಂದು ಮಾತು ತಿಳಿಸಿ. ವಿವರ ಬೇಡ. ಗೊತ್ತಿದ್ರೆ ಅವತ್ತು ಅವಳು ಪೆನ್ಸಿಲ್ ಹಿಡಿಯದೆ ಕೂತಾಗ ಬಲವಂತ ಮಾಡಲ್ಲ, ಪಕ್ಕದಲ್ಲಿ ಕೂರಿಸ್ಕೊಳ್ತೀನಿ. ಅಲರ್ಜಿ ಇದ್ರೆ ಅದನ್ನ ಮಾತ್ರ ಬಾಯಲ್ಲಿ ಹೇಳಿ ಬಿಡ್ಬೇಡಿ, ಬರೆದುಕೊಡಿ, ಹುಟ್ಟುಹಬ್ಬಕ್ಕೆ ಹಂಚೋಕೆ ಏನಾದ್ರೂ ತರೋದಿದ್ರೂ ಮೊದಲೇ ಕೇಳಿ, ಕ್ಲಾಸಲ್ಲಿ ಇನ್ನೊಂದು ಮಗುಗೆ ಆಗದಿರೋದು ಇರಬಹುದು.

ಹುಷಾರಿಲ್ಲದಾಗ ತುಂಬಾ ಕಡೆ ಪಾಲಿಸೋ ನಿಯಮ, ಜ್ವರದ ಔಷಧಿ ಕೊಡದೇನೇ 24 ಗಂಟೆ ಜ್ವರ ಇಲ್ಲದಿದ್ರೆ ಕಳಿಸ್ಬಹುದು, ವಾಂತಿ ಭೇದಿ ನಿಂತು 48 ಗಂಟೆ ಆಗ್ಬೇಕು, ಚಿಕನ್‌ಪಾಕ್ಸ್ ಆದ್ರೆ ಎಲ್ಲಾ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋವರೆಗೆ ಮನೇಲೇ. ನಿಮ್ಮ ಸ್ಕೂಲಿನ ನಿಯಮ ಒಂದ್ಸಲ ಕೇಳಿ ಇಟ್ಕೊಳ್ಳಿ. ಇಬ್ರೂ ಕೆಲಸಕ್ಕೆ ಹೋಗೋವಾಗ ರಜೆ ಹಾಕೋದು ಎಷ್ಟು ಕಷ್ಟ ಅಂತ ಗೊತ್ತು, ಆದ್ರೆ ಬೆಳಿಗ್ಗೆ ಸಿರಪ್ ಕುಡಿಸಿ ಕಳಿಸಿದ್ರೆ ಮಧ್ಯಾಹ್ನದೊಳಗೆ ಮತ್ತೆ ಜ್ವರ ಏರುತ್ತೆ, ನಾವು ಫೋನ್ ಮಾಡ್ತೀವಿ, ಹೇಗೂ ನೀವು ಬರಲೇಬೇಕಾಗುತ್ತೆ. ಅಂಥ ದಿನ ಮಗು ನೋಡ್ಕೊಳ್ಳೋಕೆ ಯಾರಿದ್ದಾರೆ ಅನ್ನೋದನ್ನ ಸ್ಕೂಲ್ ಶುರುವಾಗೋಕೆ ಮುಂಚೆನೇ ನೀವಿಬ್ರೂ ಕೂತು ಮಾತಾಡ್ಕೊಂಡು, ಅವರ ನಂಬರನ್ನೂ ಸ್ಕೂಲಿಗೆ ಕೊಟ್ಟಿರಿ.