ಬಿರುಬಿಸಿಲಿನ ಕೈತೋಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯ ತಾರಸಿಯ ಮೇಲೆ ಬೆಳಗಿನಿಂದ ಸಂಜೆಯವರೆಗೂ ಬಿಸಿಲು. ಪ್ರತಿ ಬೇಸಿಗೆಯಲ್ಲೂ ನರ್ಸರಿಯಿಂದ ಹೊಸ ಗಿಡಗಳನ್ನು ತಂದು ಕುಂಡಗಳಲ್ಲಿ ನೆಡುತ್ತೇನೆ, ಒಂದೂ ನಿಲ್ಲುವುದಿಲ್ಲ. ಇಂಥ ಜಾಗಕ್ಕೆ ಯಾವ ಗಿಡ ಸೂಕ್ತ?

ಉತ್ತರ: ಗಿಡದ ಹೆಸರು ಹೇಳುವ ಮೊದಲು ನಿಮ್ಮ ಪ್ರಶ್ನೆಯಲ್ಲೇ ಇರುವ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ನೆಡುವ ಕಾಲ. ನರ್ಸರಿಯಲ್ಲಿ ಗಿಡಗಳು ಸಾಮಾನ್ಯವಾಗಿ ನೆರಳು ಪರದೆಯ ಕೆಳಗೆ ಬೆಳೆದಿರುತ್ತವೆ. ನೆರಳಿನಲ್ಲಿ ಮೂಡಿದ ಎಲೆ ತೆಳುವಾಗಿ, ಅಗಲವಾಗಿ ಇರುವುದರಿಂದ ಏಕಾಏಕಿ ಸುಡುಬಿಸಿಲಿಗೆ ಬಿದ್ದಾಗ ಬೆಂದುಹೋಗುತ್ತದೆ. ಬಿಸಿಲನ್ನು ಇಷ್ಟಪಡುವ ಜಾತಿಯ ಗಿಡಕ್ಕೂ ಈ ಮಾತು ಅನ್ವಯಿಸುತ್ತದೆ. ಹೊಸ ಗಿಡವನ್ನು ಮೊದಲ ಎರಡು ಮೂರು ದಿನ ಬೆಳಗಿನ ಒಂದೆರಡು ಗಂಟೆಯ ಬಿಸಿಲಿಗಷ್ಟೇ ಇಟ್ಟು, ಆ ಅವಧಿಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದರೆ ಹತ್ತು ಹದಿನೈದು ದಿನಗಳಲ್ಲಿ ಅದು ಒಗ್ಗಿಕೊಳ್ಳುತ್ತದೆ. ಅದಕ್ಕಿಂತಲೂ ಒಳ್ಳೆಯ ದಾರಿಯೆಂದರೆ ಮಳೆಗಾಲದ ಆರಂಭದಲ್ಲೋ ಬಿಸಿಲು ಇಳಿದ ಮೇಲೋ ನೆಟ್ಟು, ಬೇಸಿಗೆ ಬರುವಷ್ಟರಲ್ಲಿ ಬೇರು ಕುಂಡದ ತುಂಬ ಹರಡಿಕೊಳ್ಳುವಂತೆ ನೋಡಿಕೊಳ್ಳುವುದು.

ಎರಡನೆಯದು ಬೇರಿನ ಬಿಸಿ. ಎಲೆ ತನ್ನ ಸೂಕ್ಷ್ಮ ರಂಧ್ರಗಳ ಮೂಲಕ ನೀರನ್ನು ಆವಿಯಾಗಿಸಿ ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ, ಬೇರಿಗೆ ಅಂಥ ಉಪಾಯವಿಲ್ಲ. ಕಪ್ಪು ಬಣ್ಣದ ತೆಳು ಪ್ಲಾಸ್ಟಿಕ್ ಕುಂಡ ಕಾದ ಕಾಂಕ್ರೀಟಿನ ಮೇಲೆ ನೇರವಾಗಿ ಕುಳಿತಿದ್ದರೆ ಒಳಗಿನ ಮಣ್ಣಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆ ಬಿಸಿಗೆ ಎಳೆಯ ಬೇರುಗಳು ಸಾಯತೊಡಗುತ್ತವೆ. ಕುಂಡದ ಬಿಸಿಲು ಬೀಳುವ ಮಗ್ಗುಲನ್ನು ಮಧ್ಯಾಹ್ನ ಮೂರರ ಹೊತ್ತಿಗೆ ಅಂಗೈಯಿಂದ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಯಾವ ಗಿಡ ತಂದರೂ ಫಲಿತಾಂಶ ಒಂದೇ. ಕುಂಡಗಳು ದೊಡ್ಡವಿರಲಿ, ತಿಳಿಬಣ್ಣದವಿರಲಿ, ಇಟ್ಟಿಗೆಯ ಮೇಲೋ ಸ್ಟ್ಯಾಂಡಿನ ಮೇಲೋ ನೆಲದಿಂದ ಎತ್ತರದಲ್ಲಿರಲಿ. ಒಂದಕ್ಕೊಂದು ತಾಗಿಸಿ ಗುಂಪಾಗಿ ಇಟ್ಟರೆ ಒಂದರ ನೆರಳು ಇನ್ನೊಂದರ ಮಗ್ಗುಲಿಗೆ ಬೀಳುತ್ತದೆ. ಮಣ್ಣಿನ ಕುಂಡದ ಮೈಯಿಂದ ನೀರು ಆವಿಯಾಗುವುದರಿಂದ ಅದು ತಂಪಾಗಿರುತ್ತದೆ, ಆದರೆ ಅದೇ ಕಾರಣಕ್ಕೆ ಬೇಗ ಒಣಗುತ್ತದೆ.

ಇನ್ನು ಆಯ್ಕೆ. ಬಿಸಿಲು ತಾಳುವುದು ಬೇರೆ, ನೀರಿಲ್ಲದೆ ತಾಳುವುದು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದು ಗಿಡ ಕೊಳ್ಳುವುದರಿಂದಲೇ ಬಹಳಷ್ಟು ನಷ್ಟವಾಗುತ್ತದೆ. ದಾಸವಾಳ ದಿನವಿಡೀ ಬಿಸಿಲಿನಲ್ಲಿ ನಿಲ್ಲುತ್ತದೆ, ಆದರೆ ಮಣ್ಣು ಒಣಗಿತೆಂದರೆ ಮೊಗ್ಗುಗಳನ್ನು ಉದುರಿಸಿಬಿಡುತ್ತದೆ. ಬೋಗನ್‌ವಿಲ್ಲಾ, ಅಡೀನಿಯಂ, ದೇವಕಣಗಿಲೆ, ಲಂಟಾನ, ಟೇಬಲ್ ರೋಸ್, ಕಾಶಿಕಣಗಿಲೆ ಇವು ಬಿಸಿಲನ್ನೂ ಸ್ವಲ್ಪ ಮಟ್ಟಿಗೆ ಒಣ ಮಣ್ಣನ್ನೂ ಸಹಿಸುತ್ತವೆ. ಅಡೀನಿಯಂನ ಉಬ್ಬಿದ ಬುಡವೇ ಅದರ ನೀರಿನ ಉಗ್ರಾಣ. ಮರಳು, ಸಣ್ಣ ಜಲ್ಲಿ ಬೆರೆಸಿದ ಸಡಿಲ ಮಣ್ಣು ಅದಕ್ಕೆ ಬೇಕು. ಕಣಗಿಲೆ ಬಿಸಿಲಿಗೆ ಬಹಳ ಗಟ್ಟಿ ಗಿಡ, ಆದರೆ ಅದರ ಎಲ್ಲ ಭಾಗಗಳೂ ವಿಷ. ಅಡೀನಿಯಂನ ಹಾಲೂ ವಿಷವೇ. ಚಿಕ್ಕ ಮಕ್ಕಳು, ಸಾಕುಪ್ರಾಣಿಗಳು ಓಡಾಡುವ ಜಾಗದಲ್ಲಿ ಇವೆರಡನ್ನೂ ನಾನಂತೂ ಸೂಚಿಸುವುದಿಲ್ಲ.

ಪ್ರಶ್ನೆ: ಮಧ್ಯಾಹ್ನದ ಹೊತ್ತಿಗೆ ನನ್ನ ಗಿಡಗಳ ಎಲೆಗಳು ಜೋತುಬೀಳುತ್ತವೆ. ದಿನಕ್ಕೆ ಮೂರು ಸಲ ನೀರು ಹಾಕಿದರೂ ಈಗ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ. ಇನ್ನೂ ಹೆಚ್ಚು ನೀರು ಬೇಕೇ?

ಉತ್ತರ: ಬೇಡ. ನೀವು ಹೇಳುವ ಲಕ್ಷಣಗಳನ್ನು ನೋಡಿದರೆ ನೀರು ಈಗಾಗಲೇ ಹೆಚ್ಚಾಗಿರುವ ಸಾಧ್ಯತೆಯೇ ಜಾಸ್ತಿ. ಬಿರುಬಿಸಿಲಿನಲ್ಲಿ ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ಅಷ್ಟೇ ವೇಗದಲ್ಲಿ ಮೇಲಕ್ಕೆ ಕಳಿಸಲಾರದು. ಮಣ್ಣಿನಲ್ಲಿ ಸಾಕಷ್ಟು ತೇವವಿದ್ದರೂ ಅಗಲ ಎಲೆಯ ಗಿಡಗಳು ಕೆಲವು ಗಂಟೆ ಸೊರಗುತ್ತವೆ. ಸೂರ್ಯ ಇಳಿದ ಮೇಲೆ ತಾವಾಗಿಯೇ ಎದ್ದು ನಿಂತರೆ ಚಿಂತೆಗೆ ಕಾರಣವಿಲ್ಲ. ಮರುದಿನ ಬೆಳಿಗ್ಗೆಯೂ ಹಾಗೆಯೇ ಜೋತುಬಿದ್ದಿದ್ದರೆ ಮಾತ್ರ ತೊಂದರೆಯಿದೆ ಎಂದರ್ಥ.

ಆ ತೊಂದರೆ ಯಾವುದೆಂದು ತಿಳಿಯಲು ಬೆರಳನ್ನು ಎರಡು ಅಂಗುಲದಷ್ಟು ಮಣ್ಣಿಗೆ ಇಳಿಸಿ. ಅಲ್ಲಿ ಒಣಗಿದ್ದರೆ ನೀರು ಬೇಕು. ಮಣ್ಣು ಬೆರಳಿಗೆ ಅಂಟುವಷ್ಟು ಒದ್ದೆಯಾಗಿದ್ದು ಗಿಡ ಸೊರಗಿದ್ದರೆ ಬೇರು ಕೊಳೆಯುತ್ತಿದೆ ಎಂದೇ ಅನುಮಾನಿಸಬೇಕು. ನೀರು ತುಂಬಿ ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಉಸಿರುಗಟ್ಟಿದ ಬೇರು ನೀರು ಹೀರುವುದನ್ನು ನಿಲ್ಲಿಸುವುದರಿಂದ ಗಿಡ ನೀರಿನ ನಡುವೆಯೇ ಬಾಯಾರುತ್ತದೆ, ನಾವು ಅದನ್ನು ಕಂಡು ಮತ್ತೊಂದು ಚೊಂಬು ಸುರಿಯುತ್ತೇವೆ. ಗಿಡವನ್ನು ಮೆಲ್ಲಗೆ ಕುಂಡದಿಂದ ಹೊರತೆಗೆದು ನೋಡಿ: ಆರೋಗ್ಯವಂತ ಬೇರು ಸಾಮಾನ್ಯವಾಗಿ ಬೆಳ್ಳಗೆ ಅಥವಾ ತಿಳಿಕಂದು ಬಣ್ಣದಲ್ಲಿ ಬಿಗಿಯಾಗಿರುತ್ತದೆ; ಕೊಳೆತ ಬೇರು ಕಪ್ಪಾಗಿ, ಹಿಡಿದೆಳೆದರೆ ಮೇಲಿನ ಸಿಪ್ಪೆ ಕಳಚಿ ನಡುವಿನ ನಾರಷ್ಟೇ ಉಳಿಯುತ್ತದೆ, ಕೆಟ್ಟ ವಾಸನೆಯೂ ಬರುತ್ತದೆ. ಕೊಳೆತದ್ದನ್ನು ಕತ್ತರಿಸಿ, ನೀರು ಸರಾಗವಾಗಿ ಬಸಿಯುವ ಹೊಸ ಮಣ್ಣಿನಲ್ಲಿ ನೆಟ್ಟು, ಕೆಲವು ದಿನ ನೆರಳಿನಲ್ಲಿಡಿ. ಅರ್ಧಕ್ಕಿಂತ ಹೆಚ್ಚು ಬೇರು ಹೋಗಿದ್ದರೆ ಗಿಡ ಉಳಿಯುವ ಭರವಸೆ ಕಡಿಮೆ. ಒಂದೆರಡು ಗಟ್ಟಿ ಟೊಂಗೆಗಳನ್ನು ಕತ್ತರಿಸಿ ಬೇರೆಡೆ ನಾಟಿ ಮಾಡಿಡುವುದು ಜಾಣತನ.

ಮೂರು ಹೊತ್ತು ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವುದಕ್ಕಿಂತ ಬೆಳಿಗ್ಗೆ ಒಮ್ಮೆ, ಕುಂಡದ ತಳದ ತೂತಿನಿಂದ ನೀರು ಹೊರಬರುವಷ್ಟು ಹಾಕುವುದು ಮೇಲು. ಮೇಲ್ಮಣ್ಣಷ್ಟೇ ನೆನೆದರೆ ಬೇರೂ ಮೇಲೆಯೇ, ಅಂದರೆ ಅತ್ಯಂತ ಬಿಸಿಯಾಗುವ ಪದರದಲ್ಲೇ ಹರಡುತ್ತದೆ. ತೆಂಗಿನ ನಾರಿನ ಪುಡಿ ಹೆಚ್ಚಾಗಿರುವ ಮಿಶ್ರಣ ಒಮ್ಮೆ ಪೂರ್ತಿ ಒಣಗಿ ಕುಗ್ಗಿದರೆ ಹಾಕಿದ ನೀರು ಕುಂಡದ ಗೋಡೆಯ ಪಕ್ಕದ ಸಂದಿಯಿಂದ ಜಾರಿಹೋಗಿ ನಡುವೆ ಒಣಗಿಯೇ ಇರುತ್ತದೆ. ಆಗ ಕುಂಡವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ.

ಪ್ರಶ್ನೆ: ಮಧ್ಯಾಹ್ನ ಎಲೆಯ ಮೇಲೆ ನಿಂತ ನೀರಿನ ಹನಿ ಭೂತಗನ್ನಡಿಯಂತೆ ಬಿಸಿಲನ್ನು ಕೇಂದ್ರೀಕರಿಸಿ ಎಲೆಯನ್ನು ಸುಡುತ್ತದೆಯೇ?

ಉತ್ತರ: ನುಣುಪಾದ ಎಲೆಗಳ ಮಟ್ಟಿಗೆ ಈ ಭಯಕ್ಕೆ ಆಧಾರವಿಲ್ಲ, ಹನಿ ಎಲೆಗೆ ಅಂಟಿಕೊಂಡಿರುವುದರಿಂದ ಬೆಳಕು ಒಂದೆಡೆ ಕೂಡುವ ಬಿಂದು ಎಲೆಯ ಮೇಲೆ ಬೀಳುವುದಿಲ್ಲ. ಮಧ್ಯಾಹ್ನ ನೀರು ಹಾಕಬಾರದೆನ್ನಲು ನಿಜವಾದ ಕಾರಣಗಳು ಬೇರೆ: ಆ ಹೊತ್ತಿನಲ್ಲಿ ನೀರು ಹೆಚ್ಚು ಆವಿಯಾಗುತ್ತದೆ, ಬಿಸಿಲಿಗೆ ಬಿದ್ದಿದ್ದ ಪೈಪಿನಲ್ಲಿ ಮೊದಲು ಬರುವ ನೀರು ಬೇರನ್ನು ಸುಡುವಷ್ಟು ಕಾದಿರುತ್ತದೆ. ಗಿಡ ನಿಜಕ್ಕೂ ಒಣಗಿ ಸೊರಗಿದ್ದರೆ ಹೊತ್ತು ನೋಡದೆ ತಣ್ಣೀರು ಹಾಕಿ.

ಪ್ರಶ್ನೆ: ನಮ್ಮ ಬೋಗನ್‌ವಿಲ್ಲಾ ಹಸಿರಾಗಿ, ಹುಲುಸಾಗಿ ಬೆಳೆಯುತ್ತಿದೆ, ಆದರೆ ಹೂವೇ ಇಲ್ಲ. ಪ್ರತಿ ತಿಂಗಳು ಗೊಬ್ಬರ ಕೊಡುತ್ತಿದ್ದೇನೆ.

ಉತ್ತರ: ಅತಿಯಾದ ಆರೈಕೆಯೇ ಇಲ್ಲಿ ಅಡ್ಡಿ. ಸಾರಜನಕ ಹೆಚ್ಚಿರುವ ಗೊಬ್ಬರ, ದಿನವೂ ನೀರು ಸಿಕ್ಕಿದರೆ ಈ ಬಳ್ಳಿ ಎಲೆ ಬೆಳೆಸುವುದರಲ್ಲೇ ಮುಳುಗುತ್ತದೆ. ಗೊಬ್ಬರ ನಿಲ್ಲಿಸಿ. ಎಲೆ ಸ್ವಲ್ಪ ಬಾಗುವ ತನಕ ಕಾದು ಆಮೇಲೆ ಚೆನ್ನಾಗಿ ನೀರು ಕೊಡಿ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಬೇರಿಗೆ ಕುಂಡ ಸ್ವಲ್ಪ ಬಿಗಿಯಾಗಿದ್ದರೂ ಚಿಂತೆಯಿಲ್ಲ. ಪದೇಪದೇ ಕುಂಡ ಬದಲಿಸಬೇಡಿ, ಅದರ ಬೇರು ಬಹಳ ಸೂಕ್ಷ್ಮ. ನಾವು ಹೂ ಎಂದು ಮೆಚ್ಚುವ ಬಣ್ಣದ ಭಾಗ ವಾಸ್ತವದಲ್ಲಿ ಮಾರ್ಪಟ್ಟ ಎಲೆ, ಅದರ ನಡುವೆ ಇರುವ ಸಣ್ಣ ಬಿಳಿ ಕೊಳವೆಯೇ ಹೂ. ಅದು ಹೊಸ ಚಿಗುರಿನ ಮೇಲೆ ಬರುವುದರಿಂದ ಒಂದು ಸುತ್ತು ಹೂ ಮುಗಿದ ಕೂಡಲೇ ಟೊಂಗೆಯ ತುದಿಗಳನ್ನು ಸವರಿ.

ಪ್ರಶ್ನೆ: ಟೊಮೆಟೊ ಗಿಡ ತುಂಬ ಹೂ ಬಿಡುತ್ತದೆ, ಕಾಯಿ ಕಟ್ಟದೆ ಎಲ್ಲವೂ ಉದುರುತ್ತದೆ. ಯಾವ ಔಷಧಿ ಸಿಂಪಡಿಸಲಿ?

ಉತ್ತರ: ಇದಕ್ಕೆ ಔಷಧಿಯ ಅಗತ್ಯವಿಲ್ಲ. ಹಗಲಿನ ಉಷ್ಣತೆ 35 ಡಿಗ್ರಿ ಮೀರಿ, ರಾತ್ರಿಯೂ 24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಟೊಮೆಟೊದ ಪರಾಗ ಬಲಗುಂದಿ ಹೂ ಉದುರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆರಳು ಪರದೆ ಕಟ್ಟಿ, ಬುಡದ ಮಣ್ಣಿನ ಮೇಲೆ ಎರಡು ಮೂರು ಅಂಗುಲ ದಪ್ಪಕ್ಕೆ ಒಣ ಎಲೆಯನ್ನೋ ಹುಲ್ಲನ್ನೋ ಹೊದಿಸಿ; ಹೊದಿಕೆ ಕಾಂಡಕ್ಕೆ ತಾಗದಂತೆ ಸುತ್ತ ಸ್ವಲ್ಪ ಜಾಗ ಬಿಡಿ. ಸೆಕೆ ಇಳಿದ ಮೇಲೆ ಅದೇ ಗಿಡ ಮತ್ತೆ ಕಾಯಿ ಕಟ್ಟುತ್ತದೆ. ಕಡುಬೇಸಿಗೆಯಲ್ಲೇ ತರಕಾರಿ ಬೇಕೆನ್ನುವವರು ಬೆಂಡೆಯನ್ನು ಬಿತ್ತುವುದು ಒಳ್ಳೆಯದು.

ಪ್ರಶ್ನೆ: ಬೇಸಿಗೆಯಲ್ಲಿ ಗುಲಾಬಿಯ ಎಲೆಗಳ ಮೇಲೆ ಸಣ್ಣ ಸಣ್ಣ ಮಸುಕು ಚುಕ್ಕೆಗಳು ಮೂಡಿ, ಇಡೀ ಎಲೆ ಧೂಳು ಹಿಡಿದಂತೆ ಕಾಣುತ್ತದೆ. ಇದು ಬಿಸಿಲಿನ ಹೊಡೆತವೇ?

ಉತ್ತರ: ಬಿಸಿಲಿನ ಹೊಡೆತವಾದರೆ ಬಿಸಿಲಿಗೆ ಒಡ್ಡಿದ ಎಲೆಗಳಲ್ಲಿ ದೊಡ್ಡ ಕಂದು ಮಚ್ಚೆಗಳು ಕಾಣುತ್ತವೆ. ನೀವು ಹೇಳಿರುವುದು ನುಸಿಯ ಕಾಟದ ಲಕ್ಷಣ. ಒಂದು ಬಿಳಿ ಹಾಳೆಯನ್ನು ಎಲೆಯ ಕೆಳಗೆ ಹಿಡಿದು ಟೊಂಗೆಯನ್ನು ತಟ್ಟಿ. ಉದುರಿದ ಚುಕ್ಕಿಗಳು ನಿಧಾನವಾಗಿ ಹರಿದಾಡತೊಡಗಿದರೆ ಅನುಮಾನ ಬೇಡ. ಒಣ ಸೆಕೆಯಲ್ಲಿ ನುಸಿಯ ಸಂತತಿ ವಾರ, ಹತ್ತು ದಿನಗಳಲ್ಲೇ ಬೆಳೆದು ನಿಲ್ಲುತ್ತದೆ. ಬೆಳಗಿನ ಹೊತ್ತು ಎಲೆಯ ಅಡಿಭಾಗಕ್ಕೆ ತಾಗುವಂತೆ ರಭಸವಾಗಿ ನೀರು ಹಾಯಿಸುವುದನ್ನು ಎರಡು ಮೂರು ದಿನಕ್ಕೊಮ್ಮೆ ಮಾಡಿ. ಅದಕ್ಕೂ ಜಗ್ಗದಿದ್ದರೆ ಬೇವಿನ ಎಣ್ಣೆಯನ್ನು ಸಾಬೂನು ನೀರಿನಲ್ಲಿ ತೆಳುವಾಗಿ ಬೆರೆಸಿ ಸಂಜೆ ಸಿಂಪಡಿಸಿ; ಎಣ್ಣೆ ಬಿದ್ದ ಎಲೆ ಬಿಸಿಲಿಗೆ ಸುಡುವುದರಿಂದ ಹಗಲಿನಲ್ಲಿ ಬೇಡ.