ಮಳೆಗಾಲ ಬಂದರೆ ಸಾಕು, ಕುಂಡದ ಗಿಡಗಳು ಸಾಯುತ್ತವೆ. ಯಾವ ಕಾಲಕ್ಕೆ ಏನು ಹಾಕಲಿ?

ಬೆಂಗಳೂರಿನಲ್ಲಿ ಬಾಡಿಗೆ ಮನೆ, ಟೆರೇಸಿನಲ್ಲಿ 20 ಕುಂಡ. ಬೇಸಿಗೆ ಹೇಗೋ ದಾಟುತ್ತದೆ, ಮಳೆ ಹಿಡಿದ ಮೇಲೆ ಒಂದೊಂದೇ ಗಿಡ ಹಳದಿಯಾಗಿ ಹೋಗುತ್ತದೆ ಅಂತ ಬರೆದಿದ್ದೀರಿ. ಓದಿ ನಗು ಬಂತು, ಬೇಜಾರಾಗಬೇಡಿ. ನನ್ನ ಮೊದಲ ಮೂರು ವರ್ಷದ ಕಥೆಯೂ ಇದೇ.

ತಪ್ಪು ಮಳೆಯದ್ದಲ್ಲ, ಕುಂಡದ ತಳದ್ದು. ಮಣ್ಣಿನ ಸಂದಿಯಲ್ಲಿ ಗಾಳಿ ಇದ್ದರೆ ಮಾತ್ರ ಬೇರು ಉಸಿರಾಡುತ್ತದೆ. ಅಲ್ಲಿ ನೀರು ನಿಂತರೆ ಬೇರು ಕೊಳೆತು, ಮೇಲೆ ಎಲೆ ಬಾಡುತ್ತದೆ. ಬಾಡಿದ್ದು ನೋಡಿ ನಾವು ಇನ್ನೊಂದು ಚೊಂಬು ನೀರು ಹಾಕುತ್ತೇವೆ! ಮೇ ಕೊನೆಯಲ್ಲಿ ಒಂದು ಭಾನುವಾರ ಎಲ್ಲ ಕುಂಡ ಓರೆ ಮಾಡಿ ತೂತಿಗೆ ಕಡ್ಡಿ ಚುಚ್ಚಿ ನೋಡಿ. ನನ್ನವುಗಳಲ್ಲಿ ಅರ್ಧದ ತೂತು ಬೇರಿನಿಂದಲೇ ಮುಚ್ಚಿತ್ತು. ಕೆಳಗಿನ ತಟ್ಟೆ ತೆಗೆದುಬಿಡಿ, ಡೆಂಗಿ ಸೊಳ್ಳೆಗೆ ಅದೇ ತವರುಮನೆ. ಕುಂಡವನ್ನು ಇಟ್ಟಿಗೆ ಮೇಲಿಡಿ. ಬರೀ ಕೆಂಪು ಮಣ್ಣು ತುಂಬಿದ್ದರೆ ಅಷ್ಟೇ ಕಾಂಪೋಸ್ಟ್, ಅಷ್ಟೇ ತೆಂಗಿನ ನಾರಿನ ಪುಡಿ ಬೆರೆಸಿ. ಆಗಸ್ಟಿನಲ್ಲಿ ಇನ್ನೊಮ್ಮೆ ತೂತು ನೋಡಿ. ನಮ್ಮೂರಲ್ಲಿ ಜೋರು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅಲ್ವಾ?

ಇನ್ನು ಏನು ಹಾಕುವುದು. ಜೂನಿನಲ್ಲಿ ಬೆಂಡೆ, ಹೀರೆ ಬೀಜ ಹಾಕಿ, ಬಸಳೆಯದ್ದು ಒಂದು ಕಡ್ಡಿ ನೆಟ್ಟರೂ ಸಾಕು. ಚೆಂಡುಹೂವಿಗೆ ಬಿತ್ತಿದ ಮೇಲೆ ಸುಮಾರು ಎರಡು ತಿಂಗಳು ಬೇಕು, ದಸರಾ ತಾರೀಖಿನಿಂದ ಹಿಂದಕ್ಕೆ ಎಣಿಸಿಕೊಳ್ಳಿ. ಮೆಂತ್ಯ, ಕೊತ್ತಂಬರಿ, ಮೂಲಂಗಿಗೆ ಮಳೆ ಇಳಿದ ಮೇಲಿನ ನವೆಂಬರ್ ಒಳ್ಳೆಯದು.

ಸೇವಂತಿಗೆಯ ವಿಷಯ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಎರಡು ವರ್ಷ ನನ್ನ ಸೇವಂತಿಗೆ ಬರೀ ಎಲೆ, ಒಂದು ಮೊಗ್ಗಿಲ್ಲ. ಗೊಬ್ಬರ ಬದಲಿಸಿದೆ, ಅಂಗಡಿಯವನು ಕೊಟ್ಟ ಮೂರು ಥರದ ಪುಡಿ ಹಾಕಿದೆ. ಸುಮ್ನೆ ದುಡ್ಡು ದಂಡ. ಕೊನೆಗೆ ಗೊತ್ತಾದದ್ದು, ಮೆಟ್ಟಿಲ ಹತ್ತಿರ ರಾತ್ರಿಯಿಡೀ ಉರಿಯುತ್ತಿದ್ದ ಬಲ್ಬಿನ ಕೆಲಸ ಅದು! ಸೇವಂತಿಗೆ ಮೊಗ್ಗು ಕಟ್ಟಲು ರಾತ್ರಿ ಉದ್ದವಿರಬೇಕು, ನಿಜವಾಗಿ ಕತ್ತಲೆಯಿರಬೇಕು. ಸೆಪ್ಟೆಂಬರಿನಲ್ಲಿ ಕುಂಡಗಳನ್ನು ನೀರಿನ ಟ್ಯಾಂಕಿನ ಹಿಂದೆ ಇಟ್ಟೆ. ಅಲ್ಲಿ ಹಗಲು ಬಿಸಿಲು, ರಾತ್ರಿ ಕತ್ತಲೆ. ನವೆಂಬರಿಗೆ ಮೊಗ್ಗೋ ಮೊಗ್ಗು. ಹಳೇ ನಾಟಿ ಅವರೆಯದ್ದೂ ಇದೇ ಸ್ವಭಾವ, ಹಗಲು ಚಿಕ್ಕದಾದ ಮೇಲೆಯೇ ಹೂ. ಅದಕ್ಕೇ ಸೊಗಡವರೆ ಚಳಿಗಾಲಕ್ಕೆ ಬರುವುದು. ಕಾಯಲು ತಾಳ್ಮೆ ಇಲ್ಲದಿದ್ದರೆ ಹೆಬ್ಬಾಳ ಅವರೆ ಹಾಕಿ, ಅದು ಹಗಲು ರಾತ್ರಿಯ ಲೆಕ್ಕ ನೋಡದ ಗಿಡ್ಡ ತಳಿ. ಸೊಗಡು ಮಾತ್ರ ಅಷ್ಟು ಬರುವುದಿಲ್ಲ, ಇದು ನನ್ನ ಮೂಗಿನ ತೀರ್ಪು.

ದುಂಡುಮಲ್ಲಿಗೆಗೆ ಡಿಸೆಂಬರಿನಲ್ಲಿ ಧೈರ್ಯವಾಗಿ ಕತ್ತರಿ ಹಾಕಿ. ಹೂ ಬರುವುದು ಹೊಸ ಚಿಗುರಿನಲ್ಲಿ. ಕತ್ತರಿಸಿದ ಮೇಲೆ ಸ್ವಲ್ಪ ದಿನ ನೀರು ಕಡಿಮೆ ಮಾಡಿ, ಆಮೇಲೆ ಗೊಬ್ಬರ ಕೊಟ್ಟರೆ ಮಾರ್ಚ್ ಹೊತ್ತಿಗೆ ಮನೆ ಘಮ ಅನ್ನುತ್ತದೆ. ನನ್ನಮ್ಮ ಕತ್ತರಿಸಿದ್ದನ್ನು ನೋಡಿ ಮೊದಲ ವರ್ಷ ನಾನು ಜಗಳವಾಡಿದ್ದೆ.

ದಾಸವಾಳದಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಜೊತೆಗೆ ಇರುವೆ ಸಾಲು ಇದ್ದೇ ಇರುತ್ತದೆ, ತಿಗಣೆ ಬಿಡುವ ಸಿಹಿ ರಸಕ್ಕಾಗಿ ಇರುವೆಗಳೇ ಅದನ್ನು ಕಾಯುತ್ತವೆ. ಮೊದಲು ಜೋರಾಗಿ ನೀರು ಹೊಡೆದು ತೊಳೆಯಿರಿ. ಆಮೇಲೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿಬಂದ ಗುಂಗಿನಲ್ಲಿ ಪೆಟೂನಿಯ ತಂದು, ಎರಡು ತಿಂಗಳಿಗೆ ಒಣಗಿತು ಅಂತ ಕೊರಗಬೇಡಿ. ಅದು ಒಂದು ಋತುವಿನ ಗಿಡದಂತೆಯೇ ಬಾಳುತ್ತದೆ.

ಕರಿಬೇವು ಚಳಿಗೆ ಎಲೆ ಉದುರಿಸಿದರೂ ಗಾಬರಿಯಾಗಿ ಬುಡಕ್ಕೆ ಏನೇನೋ ಸುರಿಯಬೇಡಿ. ಬಿಸಿಲೇರಿದ ಮೇಲೆ ತಾನಾಗಿಯೇ ಚಿಗುರುತ್ತದೆ. ಅಲ್ಲಿಯವರೆಗೆ ಒಗ್ಗರಣೆಗೆ ಪಕ್ಕದ ಮನೆಯವರನ್ನೇ ಕೇಳಿ.