ಅಡುಗೆಮನೆ ಪ್ರಶ್ನೋತ್ತರ: ಫ್ರೀಜರ್ ತುಂಬ ಜಿಂಕೆ ಮಾಂಸ, ಮುಟ್ಟದ ಸೊಸೆ

ಪ್ರಶ್ನೆ: ಅಕ್ಕ, ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ, ಸಣ್ಣ ಕಾಫಿ ತೋಟ. ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ಮಾಡಿಸಿಕೊಂಡು, ಪಕ್ಕದ ಮನೆಯವರ ಜೊತೆ ಜಿಂಕೆ ಬೇಟೆಗೆ ಹೋಗುತ್ತಾನೆ. ಫ್ರೀಜರ್ ತುಂಬ ಮಾಂಸ ಇದೆಯಂತೆ. ಸೊಸೆ ಅರಸೀಕೆರೆ ಕಡೆಯವಳು. ಕೋಳಿ, ಕುರಿ ಚೆನ್ನಾಗಿಯೇ ತಿನ್ನುತ್ತಾಳೆ. ಇದನ್ನು ಮಾತ್ರ ಮುಟ್ಟುವುದಿಲ್ಲ. ದೊಡ್ಡ ಮೊಮ್ಮಗ ವಾಸನೆ ಅಂತಾನೆ. ಚಿಕ್ಕ ಮೊಮ್ಮಗಳು ‘ಜಿಂಕೆ ಪಾಪ’ ಅಂತ ಅಳುತ್ತಾಳೆ. ಜೊತೆಗೆ ಬರುವ ನಮ್ಮ ಯಜಮಾನರೂ ‘ನನಗಂತೂ ಬೇಡ’ ಅಂದುಬಿಟ್ಟಿದ್ದಾರೆ. ಮುಂದಿನ ತಿಂಗಳು ನಾವು ಅಲ್ಲಿಗೆ ಹೋಗುತ್ತಿದ್ದೇವೆ. ಇವರೆಲ್ಲ ತಿನ್ನುವ ಹಾಗೆ ಹೇಗೆ ಮಾಡಲಿ? ಕುರಿ ಸಾರು ಅಂತ ಹೇಳಿ ಬಡಿಸಿಬಿಡಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಬೇಡ. ಸುಳ್ಳು ಹೇಳಿ ಬಡಿಸಬೇಡಿ. ಆವತ್ತು ಎಲ್ಲರೂ ಚಪ್ಪರಿಸಿಕೊಂಡು ತಿನ್ನಬಹುದು. ಆದರೆ ವಿಷಯ ಗೊತ್ತಾದ ಮೇಲೆ ನಿಮ್ಮ ಸೊಸೆ ನೀವು ಮಾಡಿದ ಕುರಿ ಸಾರನ್ನೂ ನಂಬುವುದಿಲ್ಲ. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಕೆಲವು ತಿಂಗಳು ಇರಬೇಕು, ಅಲ್ವಾ? ಒಂದು ಊಟಕ್ಕಾಗಿ ಆ ನಂಬಿಕೆ ಕಳೆದುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ನಿಮ್ಮ ಪತ್ರದಲ್ಲೇ ಇನ್ನೊಂದು ವಿಷಯ ಇದೆ. ಬೇಡ ಅನ್ನುವವರು ನಾಲ್ಕು ಜನ, ಒಬ್ಬೊಬ್ಬರ ಕಾರಣವೂ ಬೇರೆ. ಮೊಮ್ಮಗನದು ವಾಸನೆಯ ತೊಂದರೆ. ಅದು ಅಡುಗೆಯಲ್ಲಿ ಸರಿಹೋಗುತ್ತದೆ. ಮೊಮ್ಮಗಳದು ಮನಸ್ಸಿನದು. ಯಜಮಾನರದು ಏನೆಂದು ನಾನು ಊಹಿಸಬಲ್ಲೆ, ಮುಂದೆ ಹೇಳುತ್ತೇನೆ. ಸೊಸೆಯ ಕಾರಣ ಏನೆಂದು ನೀವು ಬರೆದೇ ಇಲ್ಲ. ಹೋದ ತಕ್ಷಣ ಕೇಳಿ. ಮಗನ ಮುಂದೆ ಬೇಡ. ಇಬ್ಬರೇ ಕೂತು ಸೊಪ್ಪು ಬಿಡಿಸುವಾಗ ಕೇಳಿ.

ಕಾಯಿಲೆಯ ಭಯ ಅಂತ ಅವಳು ಹೇಳಿದರೆ ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಆ ಭಯಕ್ಕೆ ಆಧಾರ ಇದೆ. ಅಮೆರಿಕದ ಜಿಂಕೆಗಳಲ್ಲಿ ‘ಸಿಡಬ್ಲ್ಯುಡಿ’ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನುವ ಕಾಯಿಲೆ ಇದೆ. ಮಿದುಳು ಕೆಟ್ಟು, ಪ್ರಾಣಿ ಸೊರಗಿ ಸಾಯುತ್ತದೆ. ವಿಸ್ಕಾನ್ಸಿನ್‌ನಲ್ಲಿ ಇದು ಪತ್ತೆಯಾದದ್ದು 2002ರಲ್ಲಿ. ಮನುಷ್ಯರಿಗೆ ತಗುಲಿದ್ದು ಇದುವರೆಗೆ ದೃಢಪಟ್ಟಿಲ್ಲ. ಆದರೂ ಕಾಯಿಲೆ ಇರುವ ಜಿಂಕೆಯ ಮಾಂಸ ತಿನ್ನಬಾರದು ಅಂತ ಅಲ್ಲಿನ ಆರೋಗ್ಯ ಇಲಾಖೆಯವರೇ ಹೇಳುತ್ತಾರೆ. ಎಷ್ಟು ಬೇಯಿಸಿದರೂ ಈ ಕಾಯಿಲೆಯ ಅಂಶ ಹೋಗುವುದಿಲ್ಲ. ಹೊಡೆದ ಜಿಂಕೆಯ ಸ್ಯಾಂಪಲ್ ಕೊಟ್ಟರೆ ಪರೀಕ್ಷೆ ಮಾಡುವ ವ್ಯವಸ್ಥೆ ಆ ರಾಜ್ಯದಲ್ಲಿದೆ. ನಿಮ್ಮ ಮಗ ಮಾಡಿಸಿದ್ದಾನಾ? ಮಾಡಿಸಿದ್ದರೆ ಆ ಫಲಿತಾಂಶವನ್ನು ಹೆಂಡತಿಗೆ ತೋರಿಸಲಿ. ಮಾಡಿಸಿಲ್ಲದಿದ್ದರೆ ಅವಳು ಬೇಡ ಅಂದದ್ದೇ ಸರಿ. ಮೊದಲು ಪರೀಕ್ಷೆ, ಆಮೇಲೆ ಊಟ.

ಇದಕ್ಕೇ ಸೇರಿದ ಇನ್ನೊಂದು ಮಾತು. ನಮ್ಮ ಕಡೆ ತಲೆ ಮಾಂಸ, ಮಿದುಳು ಅಂದರೆ ಪ್ರೀತಿ. ಅಲ್ಲಿ ಆ ಆಸೆ ಬಿಟ್ಟುಬಿಡಿ. ಜಿಂಕೆಯ ಮಿದುಳು, ಬೆನ್ನುಹುರಿ, ಕಣ್ಣು, ಗುಲ್ಮ ಯಾವುದನ್ನೂ ಅಡುಗೆಗೆ ಬಳಸಬಾರದು. ಗುಂಡು ಹೊಕ್ಕ ಜಾಗದ ಸುತ್ತಲಿನ ಮಾಂಸವನ್ನೂ ಧಾರಾಳವಾಗಿ ಕತ್ತರಿಸಿ ಎಸೆಯಬೇಕು. ಸೀಸದ ಗುಂಡು ಸಿಡಿದಾಗ ಕಣ್ಣಿಗೆ ಕಾಣದ ಚೂರುಗಳು ಸುತ್ತ ಹರಡುತ್ತವೆ. ಮಕ್ಕಳಿಗೆ ಸೀಸ ತುಂಬ ಕೆಟ್ಟದ್ದು. ಮುಂದಿನ ಸಲ ತಾಮ್ರದ ಗುಂಡು ಬಳಸಲು ಮಗನಿಗೆ ಹೇಳಿ. ಈ ಮಾತನ್ನು ಸೊಸೆಯ ಎದುರಿಗೇ ಹೇಳಿ. ಅತ್ತೆ ತನ್ನ ಪರವಾಗಿಯೂ ಯೋಚಿಸುತ್ತಾಳೆ ಅಂತ ಅವಳಿಗೆ ಗೊತ್ತಾಗಲಿ.

ಈಗ ವಾಸನೆಯ ವಿಷಯ. ನನ್ನ ಅಣ್ಣನ ಮಗಳು ಮಿನ್ನೆಸೋಟದಲ್ಲಿದ್ದಾಳೆ. ಅವಳ ಮನೆಯಲ್ಲಿದ್ದಾಗ ನಾನು ಈ ಮಾಂಸ ಬೇಯಿಸಿದ್ದೇನೆ. ಬಣ್ಣ ಕುರಿಗಿಂತ ಕಪ್ಪು ಕೆಂಪು. ಕೊಬ್ಬು ಬಹಳ ಕಡಿಮೆ. ಆ ಇರುವ ಸ್ವಲ್ಪ ಕೊಬ್ಬೇ ತಕರಾರಿನದು. ನೀಚು ವಾಸನೆ ಅದರಲ್ಲೇ ಜಾಸ್ತಿ. ಸ್ವಲ್ಪ ಆರಿದರೆ ಮೇಣದ ಹಾಗೆ ಗಟ್ಟಿಯಾಗಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಒಂದು ಸಲ ಹಾಗಾದರೆ ಮಕ್ಕಳು ಮತ್ತೆ ಬಾಯಿ ತೆರೆಯುವುದಿಲ್ಲ. ಹಾಗಾಗಿ ಬಿಳಿ ಕೊಬ್ಬನ್ನೂ, ಮಾಂಸದ ಮೇಲಿರುವ ಹೊಳೆಯುವ ಬಿಳಿ ಪೊರೆಯನ್ನೂ ಚೂರೂ ಬಿಡದೆ ತೆಗೆಯಬೇಕು. ಇದು ತಾಳ್ಮೆಯ ಕೆಲಸ. ಹೊಡೆದು ತಂದವನೇ ಕೂತು ಮಾಡಲಿ! ಫ್ರೀಜರ್‌ನಿಂದ ತೆಗೆದದ್ದನ್ನು ಹೊರಗಿಡದೆ ಫ್ರಿಜ್‌ನಲ್ಲೇ ಕರಗಿಸಿ, ಇಳಿದ ರಕ್ತದ ನೀರು ಚೆಲ್ಲಿ. ಆಮೇಲೆ ಹುಳಿ ಮಜ್ಜಿಗೆ, ಅರಿಶಿನ, ಉಪ್ಪು ಸೇರಿಸಿ ಒಂದು ರಾತ್ರಿ ಫ್ರಿಜ್‌ನಲ್ಲೇ ನೆನೆಸಿಡಿ. ಇಷ್ಟು ಮಾಡಿದರೆ ಮೊಮ್ಮಗ ಹೇಳುವ ವಾಸನೆ ಬಹುಮಟ್ಟಿಗೆ ಹೋಗುತ್ತದೆ.

ಮೊದಲ ಅಡುಗೆಗೆ ತುಂಡು ಮಾಂಸದ ಸಾರು ಬೇಡ. ಕೈಮಾ ಉಂಡೆ ಸಾರು ಮಾಡಿ. ಹಾಸನದ ಕಡೆ ಹುಟ್ಟಿ ಬೆಳೆದ ಹುಡುಗಿಗೆ ಆ ಸಾರಿನ ಘಮ ಗೊತ್ತು. ತವರಿನ ಊಟದ ರುಚಿಯೊಳಗೆ ಹೊಸದೊಂದು ಬಂದರೆ ಅಷ್ಟು ಹೊಸದು ಅನ್ನಿಸುವುದಿಲ್ಲ. ಮೊದಲ ಸಲ ಮುಕ್ಕಾಲು ಪಾಲು ಕೋಳಿ ಕೈಮಾ, ಕಾಲು ಪಾಲು ಜಿಂಕೆ. ಹಾಗಂತ ಎಲ್ಲರಿಗೂ ಹೇಳಿಯೇ ಮಾಡಿ. ಇಷ್ಟವಾದರೆ ಮುಂದಿನ ಸಲ ಅರ್ಧ ಅರ್ಧ.

ಅರ್ಧ ಕಿಲೋ ಕೈಮಾಕ್ಕೆ ಮೂರು ದೊಡ್ಡ ಚಮಚ ಹುರಿಗಡಲೆ ಪುಡಿ ಬೇಕು. ಒಂದು ಹಿಡಿ ತೆಂಗಿನ ತುರಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು ರುಬ್ಬಿ ಸೇರಿಸಿ. ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ. ಜಿಂಕೆ ಮಾಂಸದಲ್ಲಿ ಜಿಡ್ಡು ಇಲ್ಲದ್ದರಿಂದ ಒಂದು ಮೊಟ್ಟೆಯನ್ನೂ ಒಡೆದು ಹಾಕಿ, ಇಲ್ಲದಿದ್ದರೆ ಉಂಡೆ ಒಣಗುತ್ತದೆ. ನಿಂಬೆ ಗಾತ್ರದ ಉಂಡೆ ಕಟ್ಟಿ. ಸಾರು ಮಳ್ಳುವಾಗ ಒಂದೊಂದಾಗಿ ಬಿಡಿ. ಗಟ್ಟಿಯಾಗುವ ತನಕ ಸೌಟು ಹಾಕಬೇಡಿ. ಉಂಡೆಯ ನಡುವಿನ ತನಕ ಚೆನ್ನಾಗಿ ಬೇಯಬೇಕು. ಅಲ್ಲಿನ ಮನೆಗಳಲ್ಲಿ ಅಡುಗೆ ಥರ್ಮಾಮೀಟರ್ ಇರುತ್ತದೆ. ಜಿಂಕೆ ಮಾತ್ರ ಆದರೆ ಒಳಗೆ 71 ಡಿಗ್ರಿ ಸೆಲ್ಸಿಯಸ್ ಸಾಕು. ಕೋಳಿ ಸೇರಿದ್ದರೆ 74 ಆಗಬೇಕು. ಬಿಸಿ ಬಿಸಿಯಾಗಿ ಮುದ್ದೆಗೆ ಬಡಿಸಿ. ತೋಟದ ಕರಿಮೆಣಸನ್ನು ಪುಡಿ ಮಾಡಿ ತೆಗೆದುಕೊಂಡು ಹೋಗಿ, ಈ ಮಾಂಸಕ್ಕೆ ಅದು ಬಹಳ ಚೆನ್ನಾಗಿ ಒಗ್ಗುತ್ತದೆ.

ತೊಡೆ, ಭುಜದ ತುಂಡುಗಳನ್ನು ಕುಕ್ಕರ್‌ನಲ್ಲಿ ಕುರಿಗಿಂತ ಹೆಚ್ಚು ಹೊತ್ತು ಬೇಯಿಸಬೇಕು. ಬೆನ್ನಿನ ಪಟ್ಟಿ ಹಾಗಲ್ಲ. ಅದು ಮೆತ್ತಗಿನ ಭಾಗ, ಜಾಸ್ತಿ ಬೆಂದರೆ ನಾರು ನಾರು. ತೆಳ್ಳಗೆ ಹೆಚ್ಚಿ, ಮೆಣಸು ಹಾಕಿ, ಜೋರು ಉರಿಯಲ್ಲಿ ಬೇಗ ಹುರಿದು ಇಳಿಸಿ.

ಬಡಿಸುವ ದಿನವನ್ನೂ ನೋಡಿಕೊಳ್ಳಿ. ವಿಸ್ಕಾನ್ಸಿನ್‌ನಲ್ಲಿ ಕೋವಿಯಿಂದ ಜಿಂಕೆ ಹೊಡೆಯುವ ಒಂಬತ್ತು ದಿನಗಳ ಮುಖ್ಯ ಸೀಸನ್ ನವೆಂಬರ್ ಕೊನೆಗೆ ಬರುತ್ತದೆ. ನಮಗೆ ಅದು ಕಾರ್ತಿಕ ಮಾಸದ ಆಸುಪಾಸು. ಸೊಸೆ ಕಾರ್ತಿಕ ಸೋಮವಾರ ಮಾಡುವವಳಾದರೆ, ಅದೇ ವಾರ ಮನೆಗೆ ಇಡೀ ಜಿಂಕೆ ಬಂದು ಬಿದ್ದರೆ ಅವಳಿಗೆ ಹೇಗಾಗಬೇಡ? ಬೇಡ ಅನ್ನುವುದು ಅಲ್ಲಿಂದಲೇ ಶುರುವಾಗಿರಬಹುದು. ಇದನ್ನೂ ಕೇಳಿ ನೋಡಿ.

ಮೊಮ್ಮಗಳನ್ನು ಒತ್ತಾಯ ಮಾಡಬೇಡಿ. ‘ಒಂದೇ ತುತ್ತು, ಅಜ್ಜಿಗೋಸ್ಕರ’ ಅನ್ನುವುದೂ ಬೇಡ. ಅವಳಿಗೆ ಕೋಳಿ ಉಂಡೆ ಬೇರೆ ಮಾಡಿ. ಪ್ರಾಣಿಯ ಮೇಲೆ ಮಗುವಿಗಿರುವ ಕರುಣೆ ಒಳ್ಳೆಯದು, ಅದನ್ನು ನಾವು ತಿದ್ದಲು ಹೋಗಬಾರದು.

ಇನ್ನು ಯಜಮಾನರು. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಗೋಡೆಗೆ ಕೊಂಬು, ಮೂಲೆಯಲ್ಲಿ ಕೋವಿ ಇದ್ದದ್ದು ನಿಮಗೂ ಗೊತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ಬೆಳೆದವರಿಗೆ ಬೇಟೆ ಅಂದರೆ ಕಳ್ಳತನ, ಕೇಸು, ಮರ್ಯಾದೆ ಹೋಗುವ ಕೆಲಸ. ಅವರ ಹಿಂಜರಿಕೆ ಇದೇ ಅಂತ ನನಗನ್ನಿಸುತ್ತದೆ. ಅಲ್ಲಿನ ಲೆಕ್ಕ ಬೇರೆ ಅಂತ ಮಗನೇ ಅವರಿಗೆ ವಿವರಿಸಲಿ. ಅಲ್ಲಿ ಜಿಂಕೆ ಸಂಖ್ಯೆ ಬಹಳ. ಲೈಸೆನ್ಸ್ ಬೇಕು, ಸೀಸನ್ ಇದೆ, ಎಷ್ಟು ಹೊಡೆಯಬಹುದು ಅನ್ನುವ ಮಿತಿ ಇದೆ. ಹೊಡೆದದ್ದನ್ನು ಸರ್ಕಾರಕ್ಕೆ ತಿಳಿಸಬೇಕು. ಆ ಮಾಂಸ ಮಾರುವ ಹಾಗಿಲ್ಲ, ಮನೆಯವರು ತಿನ್ನಬಹುದು, ಸ್ನೇಹಿತರಿಗೆ ಕೊಡಬಹುದು. ಕೋವಿ, ಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ರಕ್ಷಣೆಗೆ ಕೊಡಬೇಕೆಂಬ ಕಾನೂನು 1937ರಿಂದ ಇದೆ. ಲೈಸೆನ್ಸ್ ಕಾಗದ ನೋಡಿದರೆ ಅವರ ಮನಸ್ಸು ಹಗುರಾಗಬಹುದು. ಆಗಲೂ ಬೇಡ ಅಂದರೆ ಬಿಟ್ಟುಬಿಡಿ. ವಾಪಸ್ ಬರುವಾಗ ಒಣಗಿಸಿ ಊರಿಗೆ ತರುವ ಯೋಚನೆ ಮಾತ್ರ ಖಂಡಿತ ಬೇಡ. ಅನುಮತಿ ಇಲ್ಲದೆ ಮಾಂಸ ತರುವಂತಿಲ್ಲ.

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನವನು ನಾನು. ಗೊತ್ತಿರುವವರೊಬ್ಬರು ಆಗಾಗ ಕಾಡುಹಂದಿ ಮಾಂಸ ತಂದುಕೊಡುತ್ತಾರೆ. ಹೊಸದಾಗಿ ಮದುವೆಯಾಗಿದ್ದೇನೆ. ಹೆಂಡತಿ ಅದನ್ನು ಮನೆಯೊಳಗೇ ಬಿಡುವುದಿಲ್ಲ. ಅವಳನ್ನು ಒಪ್ಪಿಸುವುದು ಹೇಗೆ?

ಉತ್ತರ: ಒಪ್ಪಿಸಬೇಡಿ. ನಿಮ್ಮ ಹೆಂಡತಿ ಮಾಡುತ್ತಿರುವುದೇ ಸರಿ. ನಮ್ಮ ದೇಶದಲ್ಲಿ ಕಾಡುಹಂದಿ ಸಂರಕ್ಷಿತ ಪ್ರಾಣಿ. 2022ರ ತಿದ್ದುಪಡಿಯ ನಂತರ ಅದು ಕಾಯ್ದೆಯ 2ನೇ ಪಟ್ಟಿಯಲ್ಲಿದೆ. ಹೊಡೆಯುವುದು ಮಾತ್ರ ಅಪರಾಧ ಅಂದುಕೊಳ್ಳಬೇಡಿ. ಮಾಂಸ ಮನೆಯಲ್ಲಿಟ್ಟುಕೊಂಡರೂ ಜೈಲಿಗೆ ಹೋಗಬೇಕಾಗಬಹುದು. ಹಂದಿ ಗದ್ದೆ ತುಳಿದು ಹಾಕಿದಾಗ ರೈತನಿಗಾಗುವ ಸಂಕಟ ನನಗೂ ಗೊತ್ತು, ನಮ್ಮ ತವರಿನ ಗದ್ದೆಯೂ ಕಾಡಿನ ಅಂಚಿನದೇ. ಅದಕ್ಕೆ ಅರಣ್ಯ ಇಲಾಖೆಗೆ ದೂರು ಕೊಡಬೇಕು, ಬೆಳೆ ಪರಿಹಾರಕ್ಕೆ ಅರ್ಜಿ ಹಾಕಬೇಕು.

ನನಗೆ ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಮಾಂಸ ಹೇಗೆ ಬರುತ್ತದೆ ಅಂತ ಕೇಳಿದ್ದೀರಾ? ಹೆಚ್ಚಾಗಿ ಉರುಳು ಹಾಕಿ, ಇಲ್ಲವೇ ಸಿಡಿಮದ್ದು ಇಟ್ಟು. ಹಂದಿಗೆಂದು ಕಟ್ಟಿದ ಉರುಳಿಗೆ ಚಿರತೆ ಸಿಕ್ಕಿ ಒದ್ದಾಡಿ ಸಾಯುತ್ತದೆ. ಸಿಡಿಮದ್ದು ಕಚ್ಚಿದ ದನದ ಬಾಯಿ ಛಿದ್ರವಾಗುತ್ತದೆ. ಅದು ಮೇಯಲಾಗದೆ ಹಸಿದು ಸಾಯುತ್ತದೆ. ಮೇಲಾಗಿ ಆ ಮಾಂಸವನ್ನು ಯಾವ ಡಾಕ್ಟರೂ ನೋಡಿರುವುದಿಲ್ಲ. ಕಾಡುಹಂದಿಯಲ್ಲಿ ಹುಳು ಇರುವುದುಂಟು, ಫ್ರೀಜರ್‌ನಲ್ಲಿ ಇಟ್ಟ ಮಾತ್ರಕ್ಕೆ ಎಲ್ಲವೂ ಸಾಯುವುದಿಲ್ಲ.

ಹಂದಿ ಸಾರಿನ ಆಸೆ ಇದ್ದರೆ ಸಾಕಿದ ಹಂದಿಯ ಮಾಂಸ ತನ್ನಿ. ಮೆಣಸು, ಜೀರಿಗೆ, ಕೊತ್ತಂಬರಿ ಕಪ್ಪಾಗುವ ತನಕ ಹುರಿದು ಪುಡಿ ಮಾಡಿ ಹಾಕಿ. ಇಳಿಸುವ ಮುಂಚೆ ಉಪ್ಪಾಗೆ ಹುಳಿ ಬಿಡಿ. ಜೊತೆಗೆ ಅಕ್ಕಿ ತರಿ ಕಡುಬು. ಹೆಂಡತಿಗೆ ಇಷ್ಟವಾದರೆ ತಿನ್ನಲಿ, ಇಲ್ಲದಿದ್ದರೆ ಅವಳಿಗೊಂದು ಕೋಳಿ ಸಾರು ಆಗಲಿ. ಆ ಪರಿಚಯದವರಿಗೆ ಇನ್ನು ಮುಂದೆ ತರಬೇಡಿ ಅಂತ ನೀವೇ ಹೇಳಿ, ಆ ಕೆಲಸವನ್ನು ಹೆಂಡತಿಯ ಮೇಲೆ ಹಾಕಬೇಡಿ.

ಪ್ರಶ್ನೆ: ಹಾಸನದಲ್ಲಿ ಬೆಳೆದ ನನ್ನ ಮಕ್ಕಳು ಅಜ್ಜಿ ಮನೆಯ ಗದ್ದೆ ಏಡಿ ಸಾರು ಕಂಡರೆ ಎದ್ದು ಓಡುತ್ತಾರೆ. ಕಳಲೆಯೂ ಬೇಡವಂತೆ. ಏನು ಮಾಡಲಿ?

ಉತ್ತರ: ಏಡಿಯ ಕಾಲು, ಚಿಪ್ಪು ನೋಡಿಯೇ ಮಕ್ಕಳು ಹೆದರುವುದು. ಚಿಪ್ಪು ಬಿಡಿಸಿ, ಒಡಲು ಕಾಲುಗಳನ್ನು ಜಜ್ಜಿ, ಸೋಸಿದ ರಸದಲ್ಲಿ ಸಾರು ಮಾಡಿ. ಮೊದಲು ಅನ್ನಕ್ಕೆ ಆ ಸಾರು ಮಾತ್ರ ಸಾಕು. ಏಡಿ ಅಂತ ಹೇಳಿಯೇ ಬಡಿಸಿ. ಚೆನ್ನಾಗಿ ಕುದಿಸಿ, ಅರೆಬೆಂದದ್ದು ಬೇಡ. ಔಷಧಿ ಹೊಡೆದ ಗದ್ದೆಯ ಏಡಿ ತರಬೇಡಿ. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಿ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ, ಕಹಿಯೂ ಅದರಿಂದಲೇ. ಪಲ್ಯಕ್ಕಿಂತ ಮೊದಲು ವಡೆ ಮಾಡಿ ನೋಡಿ. ಮಳೆಗಾಲದ ಸಂಜೆ ನಮ್ಮ ಮನೆಯಲ್ಲಿ ಕಳಲೆ ವಡೆ ಬಾಣಲೆಯಿಂದ ತಟ್ಟೆಗೆ ಬರುವಷ್ಟರಲ್ಲೇ ಖಾಲಿ.